ಬಿಫೋರ್ ಫೋಟೋ

ಸಾಲಗಾಮೆ ರಸ್ತೆಯ ಮೆಡಿಕಲ್ ಸ್ಟೋರಿನ ಮೇಲೆ, ಎರಡನೇ ಮಹಡಿ.
ಡಾಕ್ಟರ್ ಸ್ಫೂರ್ತಿ ನನ್ನ ಗದ್ದ ಹಿಡಿದು
ಕಿಟಕಿ ಕಡೆ ತಿರುಗಿಸಿದರು,
ಸಂತೆಯಲ್ಲಿ ಆಲೂಗಡ್ಡೆ ನೋಡುವ ಹಾಗೆ.
‘ಇದು ಕಪ್ಪಲ್ಲ ಮೇಡಮ್, ನೆರಳು.
ಹಳ್ಳ ಇದೆ. ಮೇಲಿನ ಬೆಳಕು ಅಲ್ಲಿಗೆ ಇಳಿಯಲ್ಲ.’

ನನಗೆ ಹೇಳುತ್ತಾರೆ!
ಇಪ್ಪತ್ತಾರು ವರ್ಷ ಬಿ.ಎಂ. ರಸ್ತೆಯ ಸ್ಟುಡಿಯೋದಲ್ಲಿ
ಇದೇ ಹಳ್ಳ ಮುಚ್ಚಿ ಹೊಟ್ಟೆ ಹೊರೆದವಳಿಗೆ.
ಮೊದಲು ಪೆನ್ಸಿಲ್ಲು, ನೆಗೆಟಿವ್ವಿನ ಮೇಲೆ, ಉಸಿರು ಬಿಗಿಹಿಡಿದು;
ಆಮೇಲೆ ಮೌಸು.
ಮದುವೆ ಹೆಣ್ಣು, ಪೊಲೀಸ್ ಕೆಲಸಕ್ಕೆ ಅರ್ಜಿ ಹಾಕಿದ ಹುಡುಗ,
ಮಗು ಮಲಗಿಸದೆ ನಿದ್ದೆಗೆಟ್ಟ ಬಾಣಂತಿ,
ಎಲ್ಲರ ಕಣ್ಣ ಕೆಳಗೂ ಒಂದೊಂದು ಚಮಚ ಬೆಳಕು ಸುರಿದೆ.
ನನ್ನ ಪಾಲಿಗೆ ಫ್ರಿಜ್ಜಿನ ಆಲೂಗಡ್ಡೆ ಬಿಲ್ಲೆ,
ದಿನಾ ಇಪ್ಪತ್ತು ನಿಮಿಷ.
ಗೆಡ್ಡೆ ಬೆಳೆಯೋ ಊರಲ್ಲಿ ಗೆಡ್ಡೆಗೇನು ಬರ.
ಹಳ್ಳ ಮಾತ್ರ ಹಳ್ಳವೇ.

ಡಾಕ್ಟರ್ ಕಾಗದದ ಮೇಲೆ ನನ್ನ ಕಣ್ಣು ಬರೆದರು, ಮೀನಿನ ಹಾಗೆ.
ಒಂದು, ನೀರು ಹಿಡಿಯುವ ಜೆಲ್ಲು. ತೆಳು.
ವರ್ಷ ಬಂದರೆ ಹೆಚ್ಚು, ಆಮೇಲೆ ತಾನೇ ಕರಗುತ್ತದೆ.
ಒಗ್ಗದಿದ್ದರೆ ಇನ್ನೊಂದು ಸೂಜಿಯಲ್ಲಿ ಬೇಗ ಕರಗಿಸಲೂಬಹುದು.
ಇನ್ನೊಂದು ಸುಣ್ಣದ ಜಾತಿಯದು, ಗಟ್ಟಿ, ಬಾಳಿಕೆ ಜಾಸ್ತಿ.
‘ಕೆನ್ನೆಗೆ ಸರಿ. ಇಲ್ಲಿ ಚರ್ಮ ಈರುಳ್ಳಿ ಸಿಪ್ಪೆ,
ಗಂಟು ಬಿದ್ದರೆ ಬಿಳಿ ಕಾಣುತ್ತೆ, ಕರಗಿಸೋಕೆ ಆಗಲ್ಲ.
ನಾನು ಹಾಕಲ್ಲ.’
ಮೂರನೆಯದು ನನ್ನದೇ ಸೊಂಟದ ಕೊಬ್ಬು,
ತೆಗೆದು, ಸೋಸಿ, ಇಲ್ಲಿ ತುಂಬುವುದು.
ಉಳಿದಷ್ಟು ವರ್ಷಗಟ್ಟಲೆ.
ಎಷ್ಟು ಉಳಿಯುತ್ತದೆಂದು ಯಾರೂ ಬರೆದುಕೊಡುವುದಿಲ್ಲ.

ಸೊಂಟದ್ದು ಕಣ್ಣಿಗೆ!
ಅತ್ತೆ ಇದ್ದಿದ್ದರೆ
ಸೆರಗು ಕತ್ತರಿಸಿ ರವಿಕೆಗೆ ತೇಪೆ ಅನ್ನುತ್ತಿದ್ದರು.
ಆದರೂ ಮನಸ್ಸು ವಾಲಿದ್ದು ಅದಕ್ಕೇ:
ನನ್ನದೇ ಮಾಲು, ಒಂದೇ ಖರ್ಚು.

ಆಗ ನೆನಪಾದವಳು ದುದ್ದದ ಲೋಕಮ್ಮ.
ಅವ್ವ ಹೋದ ಒಂಬತ್ತನೇ ದಿನ ವೋಟರ್ ಕಾರ್ಡು ತಂದಿದ್ದಳು,
ಗೋಡೆಗೆ ಹಾಕುವಷ್ಟು ದೊಡ್ಡದು ಮಾಡಿಕೊಡಿ ಅಂತ.
ಮಾಡಿದೆ. ಹಳ್ಳ ತುಂಬಿದೆ, ಕೆನ್ನೆಗೆ ಹೊಳಪು ಕೊಟ್ಟೆ.
ಫ್ರೇಮು ಹಿಡಿದು ಬಹಳ ಹೊತ್ತು ನಿಂತು
‘ಚೆನ್ನಾಗವ್ರೆ. ಯಾರಿವರು?’ ಅಂದಳು.
ಸಿಟ್ಟಿರಲಿಲ್ಲ. ನಿಜಕ್ಕೂ ಕೇಳುತ್ತಿದ್ದಳು.
ಕಂಪ್ಯೂಟರಿಗೆ ಹೋಗಿ ಅಂಡೂ ಒತ್ತಿದೆ,
ಒಂದು, ಎರಡು, ಹದಿನೇಳು ಸಲ.
ಹಳ್ಳ ವಾಪಸು ಬಂತು. ಅದರ ಹಿಂದೆ ಅವ್ವ.

‘ಜೆಲ್ಲೇ ಇರಲಿ’ ಅಂದೆ. ‘ಕರಗೋದು.’
‘ವರ್ಷಕ್ಕೊಂದು ಸಲ ಬರಬೇಕಾಗುತ್ತೆ.’
ಬರ್ತೀನಿ. ನಮ್ಮೂರ ದೇವಿಯೇ ವರ್ಷಕ್ಕೊಮ್ಮೆ ಬಾಗಿಲು ತೆಗೆಯುವವಳು,
ಕ್ಯೂ ನಿಲ್ಲುವುದು ನಮಗೇನು ಹೊಸದೆ.
ಸಿರಿಂಜಿಗೆ ಇಪ್ಪತ್ತೆರಡು ಸಾವಿರ.
ಮನಸ್ಸಿನಲ್ಲೇ ಭಾಗಿಸಿದೆ:
ನಾನೂರ ನಲವತ್ತು ಜನರ ಪಾಸ್‌ಪೋರ್ಟ್ ಫೋಟೋ.

ಹೊರಡುವ ಮುಂಚೆ ಬಿಫೋರ್ ಫೋಟೋ ಬೇಕಂತೆ.
ಶಾಜಿಯಾ ಅನ್ನುವ ಹುಡುಗಿ ಫೋನೆತ್ತಿ
ಮುಖಕ್ಕೆ ನೇರ ಫ್ಲಾಷು ಹೊಡೆದಳು. ಇಸಕೊಂಡು ನೋಡಿದೆ.
ಹಳ್ಳವೇ ಇಲ್ಲ! ನಾದಿಟ್ಟ ಚಪಾತಿ ಹಿಟ್ಟು.

‘ಫ್ಲಾಷು ಆರಿಸಮ್ಮ.
ಆ ಟ್ಯೂಬ್‌ಲೈಟಿನ ಕೆಳಗೆ ನಿಲ್ತೀನಿ. ಇರು,
ಗದ್ದ ಸ್ವಲ್ಪ ಕೆಳಕ್ಕೆ.
ಹಾಂ, ತೆಗಿ ಈಗ.
ಇಷ್ಟು ವರ್ಷದ್ದು, ಸರಿಯಾಗಿ ಬರಲಿ.’