ಅಗಳಿನ ಹೊಲ

ಹೊಲದ ಹೆಸರು ಕಾಯ್ ಲ್ಹೀಸ್.
ನಾಲಿಗೆಯನ್ನು ಹಲ್ಲಿಗೊತ್ತಿ ಪಕ್ಕದಿಂದ ಗಾಳಿ ಬಿಡಬೇಕು,
ಆಗ ಬರುತ್ತದೆ ಆ ಅಕ್ಷರ.
ಲ್ಹೀಸ್ ಎಂದರೆ ಅರಸನ ಓಲಗದ ಮನೆ.
ಲ್ಹೀಸ್ ಎಂದರೆ ಗುಡ್ಡದ ಕುರುಚಲಲ್ಲಿ ಸಿಗುವ
ಕಪ್ಪುನೀಲಿ ಹಣ್ಣು ಕೂಡ.
ಬರೆದರೆ ಬೇರೆ, ಈ ಸೀಮೆಯ ಬಾಯಲ್ಲಿ ಒಂದೇ.
ನಕ್ಷೆ ಬರೆಯಲು ಬಂದವನು
ಕಿವಿಗೆ ಬಿದ್ದದ್ದನ್ನು ಬರೆದುಕೊಂಡು ಕುದುರೆ ಹತ್ತಿ ಹೋದ.

ನಡುವೆ ಒಂದೆಕರೆ ದಿಬ್ಬ. ಸುತ್ತ ಅಗಳು,
ಅಗಳಲ್ಲಿ ಮೊಣಕಾಲುದ್ದ ನೀರು,
ಪಾಚಿಯನ್ನು ಸೀಳುತ್ತ ಒಂದು ನೀರುಕೋಳಿ.

ಕಾರ್ಡಿಫಿನಿಂದ ಬಂದವರು ಎರಡು ಬೇಸಿಗೆ ಅಗೆದರು.
ಸಿಕ್ಕಿದ್ದು ಬಾಚಣಿಗೆಯ ಒಂದು ಮೂಳೆಹಲ್ಲು,
ಹಂದಿಯ ದವಡೆ, ಸುಟ್ಟ ಹೇಜಲ್ ಕಾಯಿಯ ಸಿಪ್ಪೆ.
ಬೆಟ್ಟ ಅಗೆದು ಇಲಿ ಹಿಡಿದರು ಎಂದು
ಪಬ್ಬಿನಲ್ಲಿ ನಕ್ಕವರುಂಟು.
ತೆಗ್ವೆನ್ ನಗಲಿಲ್ಲ.
ಆ ಹಲ್ಲನ್ನು ಅಂಗೈಯಲ್ಲಿಟ್ಟು ನೋಡಿದ್ದಳು:
ಯಾರದೋ ಸಿಕ್ಕುಗೂದಲಲ್ಲಿ ಮುರಿದದ್ದು.

ಸಿಪ್ಪೆಯ ಇಂಗಾಲ ಹೇಳಿದ ಲೆಕ್ಕ
ಆರುನೂರ ಎಂಬತ್ತರಿಂದ ಎಂಟುನೂರ ಎಂಬತ್ತು.
ಏಳೆಂಟು ತಲೆಮಾರು
ಒಂದು ಕಾಯಿಯ ಸಿಪ್ಪೆಯೊಳಗೆ.
ರಾಜನೇ ಇರಬೇಕು, ಎಂದಿತು ಒಂದು ವರದಿ.
ಸನ್ಯಾಸಿಗಳು, ಎಂದಿತು ಇನ್ನೊಂದು.
ಯಾರೋ ಉಳ್ಳವನ ದನದ ದೊಡ್ಡಿ, ಎಂದಿತು ಮೂರನೆಯದು.
ದಿಬ್ಬ ಹಳೆಯದಿರಬಹುದು, ಅಗಳು ನಾರ್ಮನ್ನರದು ಎಂದು
ಅಡಿಟಿಪ್ಪಣಿಯಲ್ಲಿ ಒಬ್ಬ ಜಗಳ ತೆಗೆದ.

ಎಪ್ಪತ್ತಾರರ ಬೇಸಿಗೆ. ತೆಗ್ವೆನ್‌ಗೆ ಆಗ ಒಂಬತ್ತು.
ಮಳೆಯ ದೇಶದಲ್ಲಿ ಮಳೆಯೇ ಇಲ್ಲ,
ಅಗಳು ತಳ ಬಿಟ್ಟಿತ್ತು.
ಒಡೆದ ಕೆಸರಿನಿಂದ ತಲೆಯೆತ್ತಿ ನಿಂತಿದ್ದವು
ಓಕ್ ಮರದ ಮೋಟುಗಳು, ಸಾಲಾಗಿ,
ಇದ್ದಿಲಿಗಿಂತ ಕಪ್ಪು,
ಕೊಡಲಿಯ ಕಚ್ಚು ನಿನ್ನೆ ಬಿದ್ದಂತೆ.
ಅಪ್ಪ ಇಥೆಲ್ ಟ್ರ್ಯಾಕ್ಟರಿಗೆ ಸರಪಳಿ ಬಿಗಿದು
ನೆಟ್ಟಗಿದ್ದ ಒಂದನ್ನು ಕಿತ್ತ.
‘ಗೇಟಿಗಾಯಿತು’ ಎಂದ. ಅಷ್ಟೇ.
ಸೆಪ್ಟೆಂಬರಿನಲ್ಲಿ ಮಳೆ ಬಂತು,
ಮಿಕ್ಕದ್ದನ್ನು ನೀರು ವಾಪಸು ತೆಗೆದುಕೊಂಡಿತು.

ಇವತ್ತು ಅಗೆತದ ಕೊನೆಯ ದಿನ.
ಗುಂಡಿಗಳಿಗೆ ಮಣ್ಣು ಬಿದ್ದಿದೆ, ಗುಡಾರ ಮಡಚಿದ್ದಾರೆ.
ಡಾಕ್ಟರ್ ಹೆಲೆದ್ ಒಬ್ಬಳೇ ಉಳಿದು
ಗೇಟಿನ ಕಂಬಕ್ಕೊರಗಿ ಬರೆಯುತ್ತಿದ್ದಾಳೆ:
ಆಧಾರ ಸಾಲದು.
‘ಒಂದು ಮರ’ ಎಂದಳು ತಲೆಯೆತ್ತದೆ,
‘ಒಂದೇ ಒಂದು ತುಂಡು ಮರ ಸಿಕ್ಕಿದ್ದರೆ
ಉಂಗುರ ಎಣಿಸಿ ವರ್ಷ ಹೇಳಿಬಿಡುತ್ತಿದ್ದೆ.’

ತೆಗ್ವೆನ್ ಚಹಾ ತಂದಿದ್ದಳು.
ಬಟ್ಟಲನ್ನು ಕಂಬದ ನೆತ್ತಿಯ ಮೇಲಿಟ್ಟಳು,
ಹಿಡಿಯನ್ನು ಅವಳ ಕಡೆ ತಿರುಗಿಸಿ.
ಬಾಯಿ ತೆರೆದಳು.
ಆಚೆ ದಿಬ್ಬದಿಂದ ಹಸುಗಳು ಆಗಲೇ ಇಳಿಯುತ್ತಿದ್ದವು.

‘ಸ್ವಲ್ಪ ಸರಿಯಿರಿ’ ಎಂದಳು,
‘ಗೇಟು ತೆಗೆಯಬೇಕು.’