ಕಬ್ಬಿನ ಹಾಲಿನ ಲೋಟದಲ್ಲಿ

ಹಗಲೆಲ್ಲ ಬೇರು ಕೀಳುವುದೇ ನನ್ನ ಕಸುಬು.
ಮಂಡ್ಯದ ನೂರಡಿ ರಸ್ತೆ, ಮೆಡಿಕಲ್ ಅಂಗಡಿಯ ಮೇಲಿನ ಮಹಡಿ,
ಒಂದು ಕುರ್ಚಿ, ಒಂದು ದೀಪ,
ಬೆಲ್ಲ ತಿಂದ ಬಾಯಿಗಳ ಸಾಲು.
ಹುಳುಕು ಎಲ್ಲಿ ಎಂದು ಅವರು ತೋರಿಸುತ್ತಾರೆ,
ಬೇರು ಎಲ್ಲಿಯತನಕ ಎಂದು ನಾನು ನೋಡುತ್ತೇನೆ.

ಇಂಥವಳ ಕೈಗೆ ಗೆಳತಿ ಫರ್ಹಾನಾ
ತನ್ನ ಲ್ಯಾಬಿನಿಂದ ಒಂದು ಸೀಸೆ ಸೀತಾಳೆ ಸಸಿ ತಂದಿಟ್ಟಳು.
ಒಳಗೆ ಕಪ್ಪು ಜೆಲ್ಲಿ, ಜೆಲ್ಲಿಯಲ್ಲಿ ಮೂವತ್ತೊಂದು ಎಳೆಯವು,
ಕಿರುಬೆರಳ ಉಗುರಷ್ಟು ಎಲೆ,
ಗಾಳಿ ಹೇಗಿರುತ್ತದೆಂದೇ ತಿಳಿಯದವು.

ಉಗುರುಬೆಚ್ಚನೆ ನೀರಲ್ಲಿ ತೊಳೆದೆ,
ಸಂದಿಗೆ ಎಳೆ ಮಕ್ಕಳ ಬ್ರಷ್ಷು ಆಡಿಸಿದೆ.
ಕೆಳಗೆ ಗಾಣ ಇಟ್ಟಿರುವ ಚೆಲುವರಾಜು
ಕಬ್ಬಿನ ಹಾಲು ಹುಯ್ಯುವ ತಿಳಿ ಪ್ಲಾಸ್ಟಿಕ್ ಲೋಟ
ಎಣಿಸಿ ಕೊಟ್ಟ, ಮೂವತ್ತೊಂದು:
“ಏನ್ ಡಾಕ್ಟ್ರಮ್ಮ, ಅಷ್ಟೊಂದ್ ಜನ ನೆಂಟ್ರಾ?”

ತಳಕ್ಕೆ ತೂತು, ಕಾಸಿದ ಸೂಜಿಯಿಂದ.
ಮೇಲೆ ಇದ್ದಿಲು, ಎಳನೀರು ಬುರುಡೆಯ ನಾರು, ಒಡೆದ ಹಂಚಿನ ಚೂರು.
ಮಣ್ಣು ಒಂದು ಚಿಟಿಕೆಯೂ ಇಲ್ಲ.
ಗದ್ದೆಯ ಊರಲ್ಲಿ ಇದನ್ನು ಹೇಳಿದರೆ ನಂಬುವವರಿಲ್ಲ.

ನಂಬಲಿಲ್ಲ ಶಿವಮಾದುವೂ.
ನನ್ನ ಕಾಂಪೌಂಡರು. ನಾಲೆಯ ಬಯಲಲ್ಲಿ ಹುಟ್ಟಿದವನು,
ತೂಬು ಎತ್ತಿದ ದಿನವೇ ಅವನಿಗೆ ಹಬ್ಬ.
ನಾನು ಒಂದು ವಾರ ಊರಲ್ಲಿರಲಿಲ್ಲ.
ಬೆಳಿಗ್ಗೆ ಒಂದು ಚೊಂಬು, ಸಂಜೆ ಒಂದು ಚೊಂಬು,
ತಪ್ಪದೆ.

ಎಲೆ ಹಸಿರಾಗಿಯೇ ಇತ್ತು.
ಎಲೆ ಯಾವತ್ತೂ ಕೊನೆಗೆ ಬಾಯಿಬಿಡುತ್ತದೆ.
ಲೋಟ ಎತ್ತಿ, ಎಕ್ಸರೇ ಹಿಡಿಯುವ ಹಾಗೆ, ಬೆಳಕಿಗೆ ಹಿಡಿದೆ:
ಕಂದು.
ಎರಡು ಬೆರಳಲ್ಲಿ ಮುಟ್ಟಿದರೆ ಬೇರಿನ ಸಿಪ್ಪೆ
ಕಾಲುಚೀಲದಂತೆ ಜಾರಿ ಬಂತು, ಉಳಿದದ್ದು ಬರೀ ನೂಲು.
ಆ ವಾಸನೆ ನನಗೆ ಗೊತ್ತು.
ಸತ್ತ ಹಲ್ಲಿನ ಒಳಗೋಡೆ ತೆರೆದಾಗ ಬರುವುದೂ ಅದೇ.

“ಒಣಗೋಯ್ತವೇನೋ ಅಂತ...”
ಗೋಡೆ ನೋಡುತ್ತ ನಿಂತಿದ್ದ.
ಬೈಯಲು ಬಾಯಿ ಬರಲಿಲ್ಲ.

ರಾತ್ರಿ ಶಟರು ಎಳೆದು ಇಬ್ಬರೂ ಕೂತೆವು.
ಸ್ಪಿರಿಟ್ ದೀಪಕ್ಕೆ ಕತ್ತರಿ ಹಿಡಿದು,
ಮೆತ್ತಗಿದ್ದದ್ದನ್ನು ತೆಗೆದು, ಗಟ್ಟಿಯಿದ್ದದ್ದನ್ನು ಬಿಟ್ಟು,
ಗಾಯಕ್ಕೆ ಚಕ್ಕೆಪುಡಿ ಹಚ್ಚಿ.
ಉಳಿದದ್ದು ಹದಿನಾಲ್ಕು.
ಅದರಲ್ಲಿ ಮೂರಕ್ಕೆ ಬೇರೆಂಬುದೇ ಇಲ್ಲ;
ಒದ್ದೆ ಪಾಚಿಯ ಮೇಲೆ, ಬಿಸ್ಕತ್ತಿನ ಡಬ್ಬಿಯಲ್ಲಿ ಕೂರಿಸಿ
ತೆಳು ಹಾಳೆ ಹೊದಿಸಿದೆವು.

ಬೇರು ಬೆಳ್ಳಗಾದ ಮೇಲೆ ನೀರು.
ಬಿದ್ದೊಡನೆ ಹಸಿರು.
ಮತ್ತೆ ಬೆಳ್ಳಗಾಗುವ ತನಕ ಕೈ ಕಟ್ಟಿ ಕೂರಬೇಕು,
ಅದೇ ಕಷ್ಟದ ಕೆಲಸ.
ಹುಡುಕಲು ಏನಾದರೂ ಬೇಕಲ್ಲ ಅದಕ್ಕೂ, ಎಂದು
ಶಿವಮಾದುವನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು.
ಒಪ್ಪಿದನೋ, ಸುಮ್ಮನಾದನೋ.

ಕೀಲಾರದ ನಿಂಗಾಜಮ್ಮ ಬಂದಿದ್ದಳು, ಕೊನೆಯ ದವಡೆ ಹಲ್ಲಿಗೆ.
ಹತ್ತಿ ಕಚ್ಚಿಕೊಂಡೇ ಕಿಟಕಿಯ ಸಾಲು ನೋಡಿ,
“ಕಿತ್ತಿದ್ನೆಲ್ಲ ಇಲ್ ನಾಟಿ ಹಾಕ್ಬುಟ್ಟಿದ್ದಿಯೇನವ್ವ?”
ನಗಬೇಡ, ರಕ್ತ ಬರುತ್ತೆ ಎಂದೆ.
ನಕ್ಕಳು. ಬಂತು.

ಈಗ ಒಂದು ಲೋಟದ್ದು ಅಂಚು ದಾಟಿದೆ.
ತುದಿ ಗಿಣಿಹಸಿರು, ಹಿಂದೆಲ್ಲ ಬೆಳ್ಳಿ.
ರೋಗಿಗಳಿಗೆ ತೋರಿಸಲೆಂದು ಇಟ್ಟ ಪ್ಲಾಸ್ಟರಿನ ದವಡೆಗೆ ಹೋಗಿ
ಹಲ್ಲಿಲ್ಲದ ಒಂದು ಗುಳಿಗೆ ಅಂಟಿಕೊಂಡಿದೆ.
ಬಿಡಿಸಲು ಹೋದೆ. ಬಿಡಲಿಲ್ಲ.
ಎಷ್ಟು ಬಲಕ್ಕೆ ಏನು ಕಿತ್ತು ಬರುತ್ತದೆಂದು
ಇಪ್ಪತ್ತೆರಡು ವರ್ಷದಿಂದ ಬಲ್ಲ ಕೈ
ಹಿಂದೆ ಬಂತು.
ರೋಗಿಗಳಿಗೆ ಈಗ ಕನ್ನಡಿ ಕೊಟ್ಟು
ಅವರದೇ ಬಾಯಿ ತೋರಿಸುತ್ತೇನೆ.

ಸಂಜೆ ಶಿವಮಾದು ಚೊಂಬು ಹಿಡಿದು ಬಂದ.
ಒಂದೊಂದೇ ಲೋಟ ಬೆಳಕಿಗೆ ಎತ್ತಿ ನೋಡಿದ.
ಹಸಿರು. ಇನ್ನೂ ಹಸಿರು.
ಸ್ವಲ್ಪ ಹೊತ್ತು ನಿಂತಿದ್ದು
ಚೊಂಬಿನ ನೀರು ತಾನೇ ಕುಡಿದ.