ಮೂರು ಚೌಕ

ನಾರೆಪ್ಪ ಮೇಷ್ಟ್ರು ಕರಪತ್ರದ ಕರಡು ಕಳಿಸಿದ್ದಾರೆ.
ಎರಡು ಚಾರಣ, ಎರಡರ ಮುಂದೂ ಮೂರು ಮೂರು ಚೌಕ:
ಸುಲಭ, ಮಧ್ಯಮ, ಕಠಿಣ.
"ಎರಡೂ ನಡೆದವರು ನೀವಿಬ್ಬರೇ ಸಿಸ್ಟರ್,
ಸಂಜೆಯೊಳಗೆ ಗುರುತು ಹಾಕಿಕೊಡಿ,
ಪ್ರೆಸ್ಸಿನವನು ಕಾಯ್ತಾ ಕೂತಿದ್ದಾನೆ."

ರಾತ್ರಿ ಪಾಳಿ ಮುಗಿಸಿ, ಗಡಿಯಾರ ಗೋಪುರದ ಹತ್ತಿರ
ಇಡ್ಲಿ ತಟ್ಟೆಯ ಪಕ್ಕ ಹಾಳೆ ಹರವಿದೆ.
ಮೋಹಿನಿ ಹರಿಕಂತ್ರ ಪೆನ್ನು ಕಸಿದುಕೊಂಡು
ಕೋಲಾರದ ಮುಂದೆ 'ಕಠಿಣ'ಕ್ಕೆ ಗೀಚಿದಳು.
ನಾನು ಕುಮಟೆಯ ಮುಂದೆ.
ಹುಟ್ಟಿದೂರು ಯಾರ ಕಾಲಿಗೂ ಕಷ್ಟವಲ್ಲ ನೋಡಿ.

ಹೋದ ಡಿಸೆಂಬರು ವನ್ನಳ್ಳಿಯಿಂದ ಹೊರಟಿದ್ದೆವು.
ಏರು ಅಂದರೆ ಎರಡೋ ಮೂರೋ ಗುಡ್ಡ, ಉಳಿದದ್ದು ಮರಳು.
ಮರಳೆಂದರೆ, ಪೂರ್ತಿ ಹೆಜ್ಜೆ ಈಸಿಕೊಂಡು
ಅರ್ಧ ಚಿಲ್ಲರೆ ಉಳಿಸಿಕೊಳ್ಳುವ ಕಂಡಕ್ಟರು.
ಎದುರಿಗಿನ ಗುಡ್ಡದ ಮೂಗು
ಒಂದು ಗಂಟೆ ನಡೆದರೂ ಅಷ್ಟೇ ದೂರ, ಅಷ್ಟೇ ಗಾತ್ರ.
ಎಲ್ಲ ಕಾಣುತ್ತದೆ ಅಲ್ಲಿ. ಅದೇ ಕಷ್ಟ.
ಬಂಡೆಯ ನೆರಳಿನಲ್ಲಿ ಬೆಳೆದವಳು ನಾನು,
ಒರಗಲು ಒಂದು ಕಲ್ಲಿಲ್ಲದ ಅಷ್ಟು ಬೆಳಕಿನಲ್ಲಿ
ಮೈಮೇಲಿನ ಬಟ್ಟೆ ಕಳೆದುಕೊಂಡ ಹಾಗಾಗಿತ್ತು.

ಮೋಹಿನಿ ಚಪ್ಪಲಿ ಕೈಯಲ್ಲಿ ಹಿಡಿದು
ಒದ್ದೆ ಮರಳಿನ ಅಂಚಿನಲ್ಲೇ ಮುಂದೆ ಮುಂದೆ.
"ನೀರು ಇಳೀತಾ ಇರುವಾಗಲೇ ನಡೀಬೇಕು ಮಾರಾಯ್ತಿ,
ಮೂರು ಗಂಟೆಗೆ ಈ ದಾರಿಯೇ ಇರೂದಿಲ್ಲ."
ದಾರಿಗೂ ಡ್ಯೂಟಿ ಚಾರ್ಟು ಇರುತ್ತದೆ ಅಂತ
ನನಗೆ ತಿಳಿದದ್ದು ಆವತ್ತು.
ಅಘನಾಶಿನಿಯ ದೋಣಿಯಲ್ಲಿ ನನ್ನ ನಾಡಿ ಹಿಡಿದಳು.
ನೂರ ಹದಿನೆಂಟು.
ಮೀನಖಂಡ ಎರಡೂ ಕಲ್ಲು.

ಈ ಫೆಬ್ರವರಿ, ಅಂತರಗಂಗೆ.
ಮೆಟ್ಟಿಲು ಹತ್ತಿ, ಬಸವನ ಬಾಯಿಯ ನೀರು ಕುಡಿದು,
ಕಡಲೆಕಾಯಿ ಪೊಟ್ಟಣ ಕೋತಿಗೆ ಒಪ್ಪಿಸಿ,
ಆಮೇಲೆ ಬಂಡೆಗಳ ಸಂದು.
ದೂರ ಕೇಳಿದರೆ ನಗು ಬರುತ್ತದೆ, ಮುಕ್ಕಾಲು ಮೈಲಿಯೂ ಇಲ್ಲ.
ಆದರೆ ಒಂದೊಂದು ಹೆಜ್ಜೆಗೂ ಅರ್ಜಿ ಹಾಕಬೇಕು:
ಎಡಗಾಲು ಇಲ್ಲಿ, ಬಲಗೈ ಅಲ್ಲಿ, ಸೊಂಟ ಓರೆ,
ಉಸಿರು ಹೊರಗೆ ಬಿಟ್ಟು ತೂರು.
ಸೀತಾಫಲದ ಆಸೆಗೆ ಚಿಕ್ಕಂದಿನಲ್ಲಿ ನುಗ್ಗಿದ ಜಾಗ,
ನನ್ನ ಮೊಣಕಾಲಿಗೆ ಬಾಯಿಪಾಠ.

ಗುಹೆಯ ನಡುವೆ ಮೋಹಿನಿ ನಿಂತಳು.
ಸಿಕ್ಕಿಕೊಂಡಿರಲಿಲ್ಲ. ನಿಂತಳು, ಅಷ್ಟೆ.
"ಆಚೆ ಬದಿ ಎಂತದೂ ಕಾಣೂದಿಲ್ಲ," ಅಂದಳು.
ಮಾತು ಕಲ್ಲಿಗೆ ತಾಗಿ ಅಲ್ಲೇ ಕೂತಿತು.
ಕತ್ತಲಲ್ಲಿ ಅವಳ ಮಣಿಕಟ್ಟು ಹುಡುಕಿ ಎಣಿಸಿದೆ.
ತೊಂಬತ್ತು. ಕೇಸ್ ಶೀಟಿನಲ್ಲಿ ಬರೆಯುವಂಥದ್ದೇನಲ್ಲ.
ಬೆರಳು ಮಾತ್ರ ನಡುಗುತ್ತಿದ್ದವು,
ಆಪರೇಷನ್ನಿನ ಕಾಗದಕ್ಕೆ ಸಹಿ ಹಾಕುವವರ ಬೆರಳಿನಂತೆ.

"ಅಲೆಯಾದರೆ ಬರುವಾಗ ಸದ್ದು ಮಾಡ್ತದೆ,
ಈ ಕಲ್ಲು ಸುಮ್ಮನೆ ಇರ್ತದಲ್ಲ."
"ನಮ್ಮಜ್ಜಿ ಹುಟ್ಟೋಕೆ ಮುಂಚಿಂದ ಇಲ್ಲೇ ಇದೆ ಕಣೆ,
ಇವತ್ತೇ ಯಾಕೆ ಬೀಳುತ್ತೆ?"
"ಸಮುದ್ರದ ಎದುರು ನೀನು ಹೀಗೆ ಹೇಳ್ಕೊಂಡ್ಯಾ?"

ಇಲ್ಲ.
ಹೇಳಿಕೊಳ್ಳಲಿಲ್ಲ.
ಆಮೇಲೆ ಇಬ್ಬರೂ ಮಾತಾಡದೆ ಉಸಿರು ಬಿಟ್ಟು ತೂರಿದೆವು.
ಆಚೆ, ತೇರಹಳ್ಳಿ ಕಡೆಯ ಗಾಳಿ.

ಚಟ್ನಿ ಬಿದ್ದು ಹಾಳೆಯ ಒಂದು ಚೌಕ ಹಸಿರಾಗಿದೆ.
ಮೇಷ್ಟ್ರ ಫೋನು: "ಏನಾಯ್ತು ಸಿಸ್ಟರ್, ಯಾವುದು ಕಷ್ಟ?"
ಮೋಹಿನಿ ಫೋನು ಕಿತ್ತುಕೊಂಡಳು:
"ಯಾರಿಗೆ ಮಾಸ್ತರೇ?"
ಆ ಕಡೆ ಪ್ರೆಸ್ಸಿನ ಸದ್ದು, ಒಂದು ಕೆಮ್ಮು,
"ನೋಡ್ತೀನಿ ಬಿಡಿ."

ಭಾನುವಾರ ಕರಪತ್ರ ಬಂತು.
ಎರಡಕ್ಕೂ 'ಮಧ್ಯಮ'.

ಮೋಹಿನಿಯ ಮೊಣಕೈಯಲ್ಲಿ ಬಂಡೆ ತರಚಿದ ಹಕ್ಕಳೆ
ಇನ್ನೂ ನವೆಯಾಗುತ್ತದಂತೆ.
ನನ್ನ ಬೂಟು ಜಾಡಿಸಿದರೆ
ಇವತ್ತಿಗೂ ಒಂದು ಚಿಟಿಕೆ ಕುಮಟೆ.